ಫೋರ್ಜ್ಡ್ ಪಿಸ್ಟನ್ ಹಾಕಿಸಿದ ಮೇಲೆ ಎಂಜಿನ್ ತಕರಾರು: ಸದ್ದು, ಹೊಗೆ, ಪ್ರೆಶರ್ ನೋಡಿ ಕಾರಣ ಹುಡುಕುವುದು

ರ‍್ಯಾಲಿಗೋ ಟ್ರ್ಯಾಕ್‌ಗೋ ಎಂಜಿನ್ ಕಟ್ಟಿಸುವವರು ಫೋರ್ಜ್ಡ್ (ಎರಕ ಹೊಯ್ಯದೆ, ಭಾರಿ ಒತ್ತಡದಲ್ಲಿ ಒತ್ತಿ ರೂಪಿಸಿದ) ಪಿಸ್ಟನ್, ಕನೆಕ್ಟಿಂಗ್ ರಾಡ್, ಬೇರಿಂಗ್, ಬೋಲ್ಟ್ ಅಂತ ಕೈತುಂಬ ಖರ್ಚು ಮಾಡುತ್ತಾರೆ. ಸ್ಟಾರ್ಟ್ ಆದ ದಿನವೇ ಹೊಸದೊಂದು ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮೊದಲ ಅನುಮಾನ ಪಾರ್ಟ್ ಮೇಲೆಯೇ: "ಮಾಲು ಡೂಪ್ಲಿಕೇಟ್ ಇರಬೇಕು." ಆದರೆ ಪಾರ್ಟ್ ಕೆಟ್ಟದ್ದಿರುವುದು ಅಪರೂಪ. ಬಹುಪಾಲು ಸಲ ಎರಡು ಪಾರ್ಟ್‌ಗಳ ನಡುವೆ ಬಿಟ್ಟ ಗ್ಯಾಪ್ ತಪ್ಪಿರುತ್ತದೆ, ಅಥವಾ ಆರಿಸಿದ ಪಾರ್ಟ್ ಗಾಡಿಯ ಬಳಕೆಗೆ ಹೊಂದಿರುವುದಿಲ್ಲ. ಯಾವ ಅಳತೆ ತಪ್ಪಿದೆ ಅನ್ನುವುದನ್ನು ಎಂಜಿನ್ ತನ್ನ ಸದ್ದಿನಲ್ಲಿ, ಹೊಗೆಯಲ್ಲಿ ಹೇಳುತ್ತಿರುತ್ತದೆ.

ಲೆಕ್ಕಗಳಿಗೆ ಉದಾಹರಣೆಯಾಗಿ ಸುಜುಕಿಯ 1.3 ಲೀಟರ್ 16 ವಾಲ್ವ್ ಎಂಜಿನ್ ತೆಗೆದುಕೊಂಡಿದ್ದೇನೆ. ಎಸ್ಟೀಮ್ ಮತ್ತು ಜಿಪ್ಸಿ ಕಿಂಗ್‌ನ ನಂತರದ ಮಾದರಿಗಳಲ್ಲಿ ಇದ್ದದ್ದು ಇದೇ. ಚಿಕ್ಕಮಗಳೂರು, ಕೊಡಗಿನ ಎಸ್ಟೇಟ್ ದಾರಿಗಳಲ್ಲಿ ನಡೆದ ರ‍್ಯಾಲಿಗಳಲ್ಲಿ ಈ ಗಾಡಿಗಳನ್ನು ನೋಡದವರು ಕಮ್ಮಿ. ಬೋರ್ (ಸಿಲಿಂಡರ್‌ನ ವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 75.5 ಮಿ.ಮೀ., ಒಟ್ಟು 1298 ಸಿಸಿ. ಅಲ್ಯೂಮಿನಿಯಂ ಬ್ಲಾಕ್, ಒಳಗೆ ಕಬ್ಬಿಣದ ಲೈನರ್. ನಿಮ್ಮ ಎಂಜಿನ್ ಬೇರೆಯದಾದರೆ ಅಂಕಿಗಳು ಬದಲಾಗುತ್ತವೆ, ಹುಡುಕುವ ದಾರಿ ಬದಲಾಗುವುದಿಲ್ಲ.

ಸ್ಪ್ಯಾನರ್ ಮುಟ್ಟುವ ಮುಂಚೆ

ಎಂಜಿನ್ ಕಟ್ಟಿದವರ ಹತ್ತಿರ ಅಳತೆಯ ಚೀಟಿ ಕೇಳಿ. ನಾಲ್ಕೂ ಸಿಲಿಂಡರ್‌ನ ಬೋರ್ ಅಳತೆ, ಪಿಸ್ಟನ್ ಅಳತೆ, ರಿಂಗ್ ಗ್ಯಾಪ್, ಬೇರಿಂಗ್ ಕ್ಲಿಯರೆನ್ಸ್, ಹೆಡ್ ಎಷ್ಟು ಸ್ಕಿಮ್ ಮಾಡಿದ್ದು (ಅಂದರೆ ಮೇಲ್ಮೈ ಎಷ್ಟು ಹೆರೆದು ಸಪಾಟು ಮಾಡಿದ್ದು), ಯಾವ ದಪ್ಪದ ಗ್ಯಾಸ್ಕೆಟ್, ಬೋಲ್ಟ್‌ಗಳಿಗೆ ಕೊಟ್ಟ ಟಾರ್ಕ್ ಇಷ್ಟೂ ಅದರಲ್ಲಿರಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಚೀಟಿಯೇ ಇಲ್ಲ ಅಂದರೆ ಅದೂ ಒಂದು ಸುಳಿವು.

ಈ ಕೆಳಗಿನವು ಕಂಡರೆ ಮುಂದೆ ಓದಬೇಡಿ, ಎಂಜಿನ್ ಆಫ್ ಮಾಡಿ, ಗಾಡಿಯನ್ನು ಟೋ ಮಾಡಿಸಿ:

- ಬಿಸಿ ಎಂಜಿನ್‌ನಲ್ಲಿ ಆಯಿಲ್ ಲೈಟ್ ಹತ್ತಿಕೊಂಡೇ ಇದೆ.
- ಕೆಳಗಿನಿಂದ ದಪ್ಪ ಗುದ್ದುವ ಸದ್ದು, ರೇಸ್ ಕೊಟ್ಟಂತೆ ಜೋರಾಗುತ್ತಿದೆ.
- ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿದೆ.
- ಕ್ರ್ಯಾಂಕ್ ತಿರುಗುವಾಗ ಎಲ್ಲೋ ಒಂದು ಕಡೆ ಗಟ್ಟಿಯಾಗಿ ತಡೆಯುತ್ತಿದೆ.

ಪರೀಕ್ಷೆ ಮಾಡುವಾಗಿನ ಎಚ್ಚರಿಕೆ ಹೊಸದೇನಲ್ಲ, ಆದರೂ ಹೇಳಲೇಬೇಕು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ. ಪೆಟ್ರೋಲ್ ಲೈನ್ ಬಿಚ್ಚುವ ಮುಂಚೆ ಪ್ರೆಶರ್ ಇಳಿಸಿ, ಹತ್ತಿರ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಗ್ಗಬೇಡಿ, ಸ್ಟ್ಯಾಂಡ್ ಹಾಕಿ. ಎಂಜಿನ್ ಓಡುವಾಗ ತೋಳು, ಸರ, ಕೂದಲು ಬೆಲ್ಟ್ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ, ಬಿಸಿಯಾದ ಮೇಲೆ ಇಲ್ಲ

ಫೋರ್ಜ್ಡ್ ಪಿಸ್ಟನ್ ಹಾಕಿಸಿದವರು ಅತಿ ಹೆಚ್ಚು ಹೆದರುವುದು ಇದಕ್ಕೆ. ತುಂಬ ಸಲ ಹೆದರಬೇಕಾಗಿಯೇ ಇರುವುದಿಲ್ಲ. ತಣ್ಣಗಿರುವಾಗ ಪಿಸ್ಟನ್ ಚಿಕ್ಕದಾಗಿರುತ್ತದೆ, ಬೋರ್‌ನೊಳಗೆ ಸ್ವಲ್ಪ ವಾಲಾಡಿ ಗೋಡೆಗೆ ಬಡಿಯುತ್ತದೆ. ಬಿಸಿಯಾದ ಮೇಲೆ ಹಿಗ್ಗಿ ಕೂರುತ್ತದೆ, ಸದ್ದು ನಿಲ್ಲುತ್ತದೆ.

ಎಷ್ಟು ಬಡಿಯುತ್ತದೆ ಅನ್ನುವುದು ಪಿಸ್ಟನ್ ಯಾವ ಅಲ್ಯೂಮಿನಿಯಂನದ್ದು ಅನ್ನುವುದರ ಮೇಲೆ ನಿಂತಿದೆ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ: 4032 ಮತ್ತು 2618. 4032ರಲ್ಲಿ ಸುಮಾರು 12% ಸಿಲಿಕಾನ್ ಇರುತ್ತದೆ. ಅದು ಕಮ್ಮಿ ಹಿಗ್ಗುತ್ತದೆ, ಬಿಗಿಯಾಗಿ ಕೂರಿಸಬಹುದು, ಸದ್ದು ಕಮ್ಮಿ, ಸವೆತವೂ ಕಮ್ಮಿ. 2618ರಲ್ಲಿ ಸಿಲಿಕಾನ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಜಾಸ್ತಿ ಹಿಗ್ಗುವುದರಿಂದ ಜಾಸ್ತಿ ಗ್ಯಾಪ್ ಬೇಕು. ಬದಲಿಗೆ ಅದು ಹೊಡೆತ ತಿಂದರೂ ಸುಲಭಕ್ಕೆ ಚೂರಾಗುವುದಿಲ್ಲ. ಅದಕ್ಕೇ ಟರ್ಬೊ ಎಂಜಿನ್‌ನವರು ಅದನ್ನು ಬಯಸುತ್ತಾರೆ.

74 ಮಿ.ಮೀ. ಬೋರ್‌ಗೆ ಕಂಪನಿ ಪಿಸ್ಟನ್‌ನ ಗ್ಯಾಪ್ 0.02ರಿಂದ 0.04 ಮಿ.ಮೀ. ಆದರೆ, 4032ಕ್ಕೆ ಸಾಮಾನ್ಯವಾಗಿ 0.04ರಿಂದ 0.06, 2618ಕ್ಕೆ 0.07ರಿಂದ 0.09 ಬೇಕಾಗುತ್ತದೆ. ಟರ್ಬೊ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಇವು ಅಂದಾಜು. ಪಿಸ್ಟನ್ ಡಬ್ಬಿಯಲ್ಲಿ ಬಂದ ಹಾಳೆಯಲ್ಲಿ ಏನಿದೆಯೋ ಅದೇ ಕೊನೆಯ ಮಾತು.

ಹಂತ ಹಂತವಾಗಿ ನೋಡಿ. ಮೊದಲು ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್), ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಮ್ಯಾನಿಫೋಲ್ಡ್ ಸೋರಿಕೆಯ ಟಿಕ್‌ಟಿಕ್ ಕೂಡ ತಣ್ಣಗಿದ್ದಾಗ ಬಂದು, ಕಬ್ಬಿಣ ಹಿಗ್ಗಿದ ಮೇಲೆ ನಿಲ್ಲುತ್ತದೆ. ಎಷ್ಟೋ ಜನ ಇದನ್ನೇ ಪಿಸ್ಟನ್ ಸದ್ದು ಅಂದುಕೊಂಡು ಎಂಜಿನ್ ಇಳಿಸುತ್ತಾರೆ. ಅದಾದ ಮೇಲೆ ಐಡಲಿಂಗ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ತೆಗೆದು ನೋಡಿ. ಆ ಸಿಲಿಂಡರ್ ಉರಿಯುವುದು ನಿಂತಾಗ ಸದ್ದು ತಗ್ಗಿದರೆ ಪಿಸ್ಟನ್ ಅಥವಾ ರಾಡ್ ಕಡೆಯದು. ಏನೂ ಬದಲಾಗದಿದ್ದರೆ ವಾಲ್ವ್ ಕಡೆಯದು. ಪ್ಲಗ್ ವಯರ್ ಕೈಯಲ್ಲಿ ಎಳೆದು ಪರೀಕ್ಷೆ ಮಾಡುವ ಹಳೇ ಪದ್ಧತಿ ಬಿಡಿ. ಶಾಕ್ ಹೊಡೆಯುತ್ತದೆ, ಕಾಯಿಲ್‌ಗೂ ಒಳ್ಳೆಯದಲ್ಲ.

ಪೂರ್ತಿ ಬಿಸಿಯಾದ ಮೇಲೂ ಸದ್ದು ಉಳಿದರೆ ಗ್ಯಾಪ್ ಜಾಸ್ತಿಯಾಗಿದೆ, ಇಲ್ಲವೇ ಅಳೆದ ಜಾಗ ತಪ್ಪಿದೆ. ಪಿಸ್ಟನ್ ನೋಡಲು ದುಂಡಗಿದ್ದರೂ ಸ್ವಲ್ಪ ಅಂಡಾಕಾರವಾಗಿರುತ್ತದೆ, ಮೇಲಿಂದ ಕೆಳಕ್ಕೂ ಒಂದೇ ಅಳತೆ ಇರುವುದಿಲ್ಲ. ಪಿಸ್ಟನ್ನನ್ನು ರಾಡ್‌ಗೆ ಜೋಡಿಸುವ ಗಜನ್ ಪಿನ್‌ಗೆ ಅಡ್ಡವಾಗಿ, ಸ್ಕರ್ಟ್‌ನ (ರಿಂಗ್‌ಗಳ ಕೆಳಗಿನ ಗೋಡೆಯ) ಮೇಲೆ ತಯಾರಕರು ಹೇಳಿದ ಎತ್ತರದಲ್ಲೇ ಮೈಕ್ರೋಮೀಟರ್ ಹಿಡಿಯಬೇಕು. ಬಿಸಿಲಿಗೂ ಇದರಲ್ಲಿ ಪಾಲಿದೆ. ಕಿಟಕಿ ಪಕ್ಕ ಬಿಸಿಲಲ್ಲಿದ್ದ ಪಿಸ್ಟನ್ ಬ್ಲಾಕ್‌ಗಿಂತ 15 ಡಿಗ್ರಿ ಜಾಸ್ತಿ ಬಿಸಿ ಇದ್ದರೆ, 74 ಮಿ.ಮೀ.ಗೆ ಸುಮಾರು 0.024 ಮಿ.ಮೀ. ದೊಡ್ಡದಾಗಿ ಕಾಣುತ್ತದೆ. ಕಂಪನಿ ಪಿಸ್ಟನ್‌ಗೆ ಬಿಡುವ ಇಡೀ ಗ್ಯಾಪ್‌ನ ಲೆಕ್ಕವೇ ಅಷ್ಟು! ಬ್ಲಾಕ್, ಪಿಸ್ಟನ್ ಎರಡನ್ನೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಗ್ಗೆ ಅಳೆಯಬೇಕು.

ಐಡಲಿಂಗ್‌ನಲ್ಲಿ ಟಕ್-ಟಕ್ ಅಂತ ಜೋಡಿ ಸದ್ದು, ಅದೂ ಸಣ್ಣ ದನಿಯಲ್ಲಿ ಬಂದರೆ ಗಜನ್ ಪಿನ್ ಕಡೆ ನೋಡಿ. ಫ್ಲೋಟಿಂಗ್ ಪಿನ್‌ನ ಲಾಕ್ ಸರಿಯಾಗಿ ಕೂತಿಲ್ಲದಿದ್ದರೆ ಅದು ಹೊರಬಂದು ಬೋರ್‌ಗೆ ಆಳವಾಗಿ ಗೀರು ಹಾಕುತ್ತದೆ. ಹಾಗಾಗಿ ಪಿನ್ ಸದ್ದು ಅನ್ನಿಸಿದರೆ ಓಡಿಸಬೇಡಿ.

ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಆಯಿಲ್ ಕಮ್ಮಿಯಾಗುತ್ತಿದೆ

ಯಾವಾಗ ಹೊಗೆ ಬರುತ್ತದೆ ಅನ್ನುವುದನ್ನು ಗಮನಿಸಿ. ಸ್ಟಾರ್ಟ್ ಮಾಡಿದಾಗ ಒಂದು ಸಲ, ಅಥವಾ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಭುಸ್ಸಂತ ಬಂದರೆ ವಾಲ್ವ್ ಸೀಲ್, ವಾಲ್ವ್ ಗೈಡ್. ಲೋಡ್‌ನಲ್ಲಿ ಎಳೆಯುವಾಗ ಬಿಡದೆ ಬಂದರೆ ರಿಂಗ್.

ಅಗ್ಗದ ಪರೀಕ್ಷೆ ಮೊದಲು: ಪಿಸಿವಿ ವಾಲ್ವ್ (ಎಂಜಿನ್ ಕೆಳಭಾಗದಲ್ಲಿ ಸೇರುವ ಗ್ಯಾಸನ್ನು ಹೊರಗೆಳೆಯುವ ವಾಲ್ವ್) ಮತ್ತು ಅದರ ಪೈಪ್ ಕಟ್ಟಿಕೊಂಡಿದೆಯಾ ನೋಡಿ. ಎಂಜಿನ್ ಕಟ್ಟುವಾಗ ಹಳೆಯದನ್ನೇ ಹಾಕಿಬಿಡುವುದು ಸಾಮಾನ್ಯ. ಆಮೇಲೆ ಆಯಿಲ್ ಜಾಸ್ತಿ ತುಂಬಿದ್ದೀರಾ ನೋಡಿ. ಐಡಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ತೆಗೆದಾಗ ಒಳಗಿಂದ ಗಾಳಿ ಜೋರಾಗಿ ಒದ್ದು ಬಂದರೆ, ಡಿಪ್‌ಸ್ಟಿಕ್ ತಾನೇ ಮೇಲೇಳುತ್ತಿದ್ದರೆ, ಉರಿದ ಗಾಳಿ ರಿಂಗ್ ದಾಟಿ ಕೆಳಗಿಳಿಯುತ್ತಿದೆ ಅಂತ ಅರ್ಥ.

ಹೊಸ ಎಂಜಿನ್‌ನಲ್ಲಿ ರಿಂಗ್ ಕೂರದಿರಲು ದೊಡ್ಡ ಕಾರಣ ರನ್ನಿಂಗ್-ಇನ್. "ಹೊಸ ಎಂಜಿನ್, ನಿಧಾನಕ್ಕೆ ಓಡಿಸಿ" ಅಂತ ಎಲ್ಲರೂ ಹೇಳುತ್ತಾರೆ. ಗಂಟೆಗಟ್ಟಲೆ ಐಡಲಿಂಗ್‌ನಲ್ಲಿ ಬಿಡುವುದು, 40ರ ಸ್ಪೀಡ್‌ನಲ್ಲೇ ತೆವಳಿಸುವುದು ರಿಂಗ್‌ಗೆ ಒಳ್ಳೆಯದಲ್ಲ. ರಿಂಗನ್ನು ಬೋರ್‌ಗೆ ಒತ್ತುವುದು ಅದರ ಹಿಂದೆ ನುಗ್ಗುವ ಗ್ಯಾಸ್‌ನ ಒತ್ತಡ. ಲೋಡ್ ಇಲ್ಲದಿದ್ದರೆ ಒತ್ತಡವಿಲ್ಲ. ಆಗ ಹೋನಿಂಗ್ (ಬೋರ್ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು) ಬಿಟ್ಟ ಗೆರೆಗಳ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ. ಒಮ್ಮೆ ಹೀಗೆ ಗ್ಲೇಜ್ ಆದರೆ ಮತ್ತೆ ಹೋನ್ ಮಾಡಿಸಲೇಬೇಕು. ಎಂಜಿನ್ ಬಿಸಿಯಾದ ಕೂಡಲೇ ಮಧ್ಯಮ ಲೋಡ್ ಕೊಟ್ಟು ಎಳೆಸುವುದು, ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿಸುವುದು, ಮತ್ತೆ ಎಳೆಸುವುದು ಸರಿಯಾದ ಕ್ರಮ. ಮೊದಲಿಗೆ ಮಿನರಲ್ ಆಯಿಲ್ ಇರಲಿ, ಸಿಂಥೆಟಿಕ್ ಆಮೇಲೆ. ಮೊದಲ 50ರಿಂದ 100 ಕಿ.ಮೀ.ಗೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ.

ರನ್ನಿಂಗ್-ಇನ್ ಸರಿಯಾಗಿದ್ದರೆ ಉಳಿದದ್ದು ಜೋಡಣೆಯ ತಪ್ಪು. ರಿಂಗ್‌ನ ಮೇಲಿನ ಚುಕ್ಕೆ ಅಥವಾ ಅಕ್ಷರ ಮೇಲ್ಮುಖವಾಗಿರಬೇಕು, ತಿರುಗಿಸಿ ಹಾಕಿದರೆ ಆಯಿಲ್ ಮೇಲೇರುತ್ತದೆ. ಆಯಿಲ್ ರಿಂಗ್‌ನ ಒಳಗಿನ ಎಕ್ಸ್‌ಪ್ಯಾಂಡರ್ ತುದಿಗಳು ಒಂದರ ಮೇಲೊಂದು ಏರಿದ್ದರೂ ಹೊಗೆ ತಪ್ಪಿದ್ದಲ್ಲ. ಹೋನಿಂಗ್ ಆದ ಮೇಲೆ ಬೋರನ್ನು ಬಿಸಿನೀರು, ಸೋಪು ಹಾಕಿ ಬ್ರಷ್‌ನಿಂದ ಉಜ್ಜಬೇಕು. ಬರೀ ಪೆಟ್ರೋಲ್‌ನಲ್ಲಿ ಒರೆಸಿದರೆ ಕಲ್ಲಿನ ಪುಡಿ ಗೆರೆಗಳಲ್ಲೇ ಉಳಿದು ಹೊಸ ರಿಂಗನ್ನು ತಿಂದುಹಾಕುತ್ತದೆ.

ರಿಂಗ್ ಗ್ಯಾಪ್‌ನ ಲೆಕ್ಕ ಸುಲಭ. ಟರ್ಬೊ ಇಲ್ಲದ ಎಂಜಿನ್‌ಗೆ ಮೇಲಿನ ರಿಂಗ್‌ನ ಗ್ಯಾಪ್ ಬೋರ್‌ನ 0.004 ಪಾಲು, ಅಂದರೆ 74 ಮಿ.ಮೀ.ಗೆ 0.30 ಮಿ.ಮೀ. ಎರಡನೇ ರಿಂಗ್‌ಗೆ ಸ್ವಲ್ಪ ಜಾಸ್ತಿ, 0.33ರಿಂದ 0.35. ಟರ್ಬೊ ಇದ್ದರೆ 0.40ರಿಂದ 0.45. ಅನುಮಾನ ಬಂದರೆ ಗ್ಯಾಪ್ ಕೊಂಚ ಜಾಸ್ತಿ ಕಡೆಗೇ ಇಡಿ. ಜಾಸ್ತಿಯಾದರೆ ಸ್ವಲ್ಪ ಗಾಳಿ ಸೋರುತ್ತದೆ ಅಷ್ಟೆ. ಕಮ್ಮಿಯಾದರೆ ಬಿಸಿಯಲ್ಲಿ ತುದಿಗಳು ಒಂದಕ್ಕೊಂದು ಮುಟ್ಟಿ, ರಿಂಗ್ ಬೋರ್‌ಗೆ ಕಚ್ಚಿಕೊಂಡು ಪಿಸ್ಟನ್‌ನ ಅಂಚನ್ನೇ ಕಿತ್ತೆಳೆಯುತ್ತದೆ.

ಪಿಕಪ್ ಇಲ್ಲ, ಕಂಪ್ರೆಷನ್ ಕಮ್ಮಿ ತೋರಿಸುತ್ತಿದೆ

ಕಂಪ್ರೆಷನ್ ಟೆಸ್ಟ್ ಸರಿಯಾಗಿ ಮಾಡದೆ ಎಂಜಿನ್‌ಗೆ ಕೆಟ್ಟ ಹೆಸರು ಬರುವುದು ಜಾಸ್ತಿ. ನಾಲ್ಕೂ ಪ್ಲಗ್ ತೆಗೆದಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಪೆಟ್ರೋಲ್ ಪಂಪ್ ಮತ್ತು ಇಗ್ನಿಶನ್ ಎರಡನ್ನೂ ಬಂದ್ ಮಾಡಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಥ್ರಾಟಲ್ ಮುಚ್ಚಿಕೊಂಡೇ ಅಳೆದರೆ ಕಮ್ಮಿಯೇ ಬರುತ್ತದೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಮ್ಮಿ. ಮಂಗಳೂರಿನಲ್ಲಿ 180 ಪಿಎಸ್‌ಐ ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 160ರ ಆಸುಪಾಸು ತೋರಿಸುತ್ತದೆ. ಎಂಜಿನ್ ಅದೇ, ಗಾಳಿ ತೆಳು ಅಷ್ಟೆ. ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುವುದರಿಂದಲೂ ಗೇಜ್ ಕಮ್ಮಿ ತೋರಿಸುತ್ತದೆ. ಹಾಗಾಗಿ ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಒಂದೇ ತರ ಇವೆಯಾ ಅನ್ನುವುದು ಮುಖ್ಯ. ವ್ಯತ್ಯಾಸ ಶೇ 10ರೊಳಗೆ ಇದ್ದರೆ ನಿಶ್ಚಿಂತೆ.

ಒಂದು ಸಿಲಿಂಡರ್ ಮಾತ್ರ ಕಮ್ಮಿ ಇದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಅಥವಾ ಬೋರ್. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಇನ್ನೂ ಖಚಿತವಾಗಿ ತಿಳಿಯಲು ಲೀಕ್‌ಡೌನ್ ಟೆಸ್ಟ್. ಪಿಸ್ಟನ್ ಮೇಲಕ್ಕೆ ತಂದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಎಲ್ಲಿ ಸುಯ್ ಅನ್ನುತ್ತದೆ ಕೇಳಿ. ಥ್ರಾಟಲ್ ಕಡೆ ಕೇಳಿದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಕ್ಯಾಪ್‌ನಲ್ಲಿ ಕೇಳಿದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ಸೋರಿಕೆ ಶೇ 10ರ ಒಳಗಿದ್ದರೆ ಒಳ್ಳೆಯದು, 20 ದಾಟಿದರೆ ಬಿಚ್ಚಲೇಬೇಕು. ಎಚ್ಚರ: ಗಾಳಿ ಬಿಟ್ಟಾಗ ಕ್ರ್ಯಾಂಕ್ ಥಟ್ಟನೆ ತಿರುಗಬಹುದು. ಕ್ರ್ಯಾಂಕ್ ಬೋಲ್ಟ್ ಮೇಲೆ ಸ್ಪ್ಯಾನರ್ ಬಿಟ್ಟಿರಬೇಡಿ, ಬೆಲ್ಟ್ ಹತ್ತಿರ ಕೈ ಇಡಬೇಡಿ.

ಏರುವಾಗ, ಲೋಡ್‌ನಲ್ಲಿ ಕಿಣಿಕಿಣಿ ನಾಕಿಂಗ್

ನಾಕಿಂಗ್ ಅಂದರೆ ಮಿಶ್ರಣ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದು. ಈ ಲಕ್ಷಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದುಬಾರಿ ಪಿಸ್ಟನ್ ಸಾಯುವುದು ಹೆಚ್ಚಾಗಿ ಇದರಿಂದಲೇ. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಗಾಡಿಯ ಒಳಗೆ ಸೀಟು, ಮ್ಯಾಟ್ ಎಲ್ಲ ಕಿತ್ತು ಹಾಕಿದ್ದರೆ, ಸೈಲೆನ್ಸರ್ ಜೋರಾಗಿದ್ದರೆ, ಕೇಳಿಸದೆಯೂ ಹೋಗಬಹುದು. ಆಗ ಸ್ಪಾರ್ಕ್ ಪ್ಲಗ್ ತೆಗೆದು ಪಿಂಗಾಣಿಯ ಮೇಲೆ ಕಣ್ಣಿಟ್ಟು ನೋಡಿ. ಮೆಣಸಿನ ಪುಡಿಯಷ್ಟು ಸಣ್ಣ ಕಪ್ಪು ಚುಕ್ಕೆಗಳು, ಹೊಳೆಯುವ ಅಲ್ಯೂಮಿನಿಯಂ ಕಣಗಳು ಕಂಡರೆ ಪಿಸ್ಟನ್ ಆಗಲೇ ಕರಗಲು ಶುರುವಾಗಿದೆ. ಅಲ್ಲಿಗೆ ನಿಲ್ಲಿಸಿ.

ಮೊದಲು ಪೆಟ್ರೋಲ್. ಬಹುಕಾಲ ನಿಂತ ಗಾಡಿಯ ಹಳೇ ಪೆಟ್ರೋಲ್ ತೆಗೆದುಹಾಕಿ. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಶೇ 20 ಎಥನಾಲ್ ಬೆರೆಸಿದ ಇ20. ಇದರಿಂದ ಸಾಮಾನ್ಯ ಪೆಟ್ರೋಲ್‌ನ ಆಕ್ಟೇನ್ 91ರಿಂದ 95ರ ಮಟ್ಟಕ್ಕೆ ಏರಿದೆ. ನಾಕಿಂಗ್ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಇಂಧನ ಜಾಸ್ತಿ ಬೇಕು. ಬರೀ ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಹಳೇ ಪೆಟ್ರೋಲ್‌ಗೆ ಟ್ಯೂನ್ ಮಾಡಿದ ಇಸಿಯು (ಎಂಜಿನ್‌ನ ಕಂಪ್ಯೂಟರ್) ಮ್ಯಾಪ್ ಇದ್ದರೆ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್‌ನ ತಲೆ ಕಾಯುತ್ತದೆ. ಎಥನಾಲ್ ನೀರು ಹೀರುವುದರಿಂದ ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ. ಸ್ಪರ್ಧೆಗಾಗಿಯೇ ಕಟ್ಟಿದ ಎಂಜಿನ್‌ಗೆ 100 ಆಕ್ಟೇನ್ ಪೆಟ್ರೋಲ್ ಕೂಡ ಕೆಲವು ಬಂಕ್‌ಗಳಲ್ಲಿ ಸಿಗುತ್ತದೆ. ಇಂಡಿಯನ್ ಆಯಿಲ್ ಅದನ್ನು 2020ರಲ್ಲಿ ತಂದಿತು.

ಎರಡನೆಯದು ಇಗ್ನಿಶನ್ ಟೈಮಿಂಗ್. 2 ಡಿಗ್ರಿ ಹಿಂದಕ್ಕೆ ಹಾಕಿ ನೋಡಿ. ಸದ್ದು ನಿಂತರೆ ದಿಕ್ಕು ಸರಿ ಇದೆ. ಮೂರನೆಯದು ಪ್ಲಗ್‌ನ ಹೀಟ್ ರೇಂಜ್. ಕಂಪ್ರೆಷನ್ ಏರಿಸಿ ಕಂಪನಿ ಪ್ಲಗ್ಗನ್ನೇ ಉಳಿಸಿದ್ದರೆ ಒಂದು ಹಂತ ತಣ್ಣನೆಯ ಪ್ಲಗ್ ಹಾಕಿ. ಆಮೇಲೆ ಎಕ್ಸಾಸ್ಟ್‌ನಲ್ಲಿ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ಪೂರ್ತಿ ಥ್ರಾಟಲ್‌ನಲ್ಲಿ ಮಿಶ್ರಣ ನೋಡಿ. ಪಂಪ್ ಅಥವಾ ಫಿಲ್ಟರ್ ಸೋತು ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲದೆ ಬರುತ್ತಿರಬಹುದು.

ಬೆಂಗಳೂರಿನ ಡೈನೋ (ಎಂಜಿನ್‌ನ ಪವರ್ ಅಳೆಯುವ ಯಂತ್ರ) ಮೇಲೆ ಟ್ಯೂನ್ ಆದ ಗಾಡಿ ಶ್ರೀಪೆರುಂಬುದೂರು ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗಿ ನಾಕ್ ಮಾಡುವುದಕ್ಕೂ ಎತ್ತರವೇ ಕಾರಣ. ಬೆಂಗಳೂರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೂ ಮ್ಯಾನಿಫೋಲ್ಡ್‌ನ ಒತ್ತಡ 90 ಕಿಲೋಪಾಸ್ಕಲ್ ಆಸುಪಾಸಿಗೆ ನಿಲ್ಲುತ್ತದೆ. ಸಮುದ್ರಮಟ್ಟದ ಹತ್ತಿರ ಅದು 100 ಮುಟ್ಟುತ್ತದೆ. ಅಂದರೆ ಮ್ಯಾಪ್‌ನಲ್ಲಿ 100ರ ಸಾಲನ್ನು ಬೆಂಗಳೂರಿನಲ್ಲಿ ಯಾರೂ ಪರೀಕ್ಷಿಸಿಯೇ ಇರುವುದಿಲ್ಲ. ಮೇಲಿಂದ ಚೆನ್ನೈನ ಸೆಕೆ ಬೇರೆ. ಕೆಳಗಿಳಿಯುವ ಮುಂಚೆ ಆ ಸಾಲಿನಲ್ಲಿ ಟೈಮಿಂಗ್ ತಗ್ಗಿಸಿ, ಮಿಶ್ರಣ ದಪ್ಪ ಮಾಡಿಸಿಕೊಂಡು ಹೋಗಿ.

ಇಷ್ಟೆಲ್ಲ ಸರಿ ಇದ್ದೂ ನಾಕ್ ಮಾಡಿದರೆ ಕಂಪ್ರೆಷನ್ ರೇಶಿಯೊ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರಬೇಕು. ನಮ್ಮ ಉದಾಹರಣೆಯ ಎಂಜಿನ್‌ನಲ್ಲಿ ಒಂದು ಸಿಲಿಂಡರ್ 324.7 ಸಿಸಿ. ರೇಶಿಯೊ 11 ಬೇಕಿದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 32.5 ಸಿಸಿ ಇರಬೇಕು. ಈಗ ಗ್ಯಾಸ್ಕೆಟ್ ಬರೀ 0.3 ಮಿ.ಮೀ. ತೆಳುವಾಯಿತು ಅನ್ನಿ. 75 ಮಿ.ಮೀ. ತೂತಿನ ಗ್ಯಾಸ್ಕೆಟ್‌ನಲ್ಲಿ 1.3 ಸಿಸಿ ಹೋಯಿತು. ರೇಶಿಯೊ 11.4ಕ್ಕೆ ಹಾರಿತು! ಜೊತೆಗೆ ಹೆಡ್ಡನ್ನೂ ಸ್ಕಿಮ್ ಮಾಡಿಸಿದ್ದರೆ? ಪಿಸ್ಟನ್ ಡಬ್ಬಿಯ ಮೇಲೆ ಬರೆದ ರೇಶಿಯೊ ಒಂದು ನಿರ್ದಿಷ್ಟ ಚೇಂಬರ್, ಒಂದು ನಿರ್ದಿಷ್ಟ ಗ್ಯಾಸ್ಕೆಟ್‌ಗೆ ಮಾತ್ರ ನಿಜ. ಸಿರಿಂಜ್ ಅಥವಾ ಬ್ಯೂರೆಟ್‌ನಿಂದ ಚೇಂಬರ್‌ಗೆ ದ್ರವ ತುಂಬಿಸಿ ಅಳೆದುಕೊಳ್ಳಿ. ದಪ್ಪ ಗ್ಯಾಸ್ಕೆಟ್ ಹಾಕಿ ರೇಶಿಯೊ ಇಳಿಸುವ ಮುಂಚೆ ಇನ್ನೊಂದು ಯೋಚಿಸಿ: ಪಿಸ್ಟನ್‌ನ ಚಪ್ಪಟೆ ಅಂಚಿಗೂ ಹೆಡ್‌ಗೂ ನಡುವಿನ ಗ್ಯಾಪ್ ತುಂಬ ಜಾಸ್ತಿಯಾದರೆ ಮಿಶ್ರಣ ಸರಿಯಾಗಿ ಕಲಕುವುದಿಲ್ಲ. ಆಗ ನಾಕಿಂಗ್ ಇನ್ನೂ ಹೆಚ್ಚಬಹುದು. ಪಿಸ್ಟನ್‌ನ ಗುಮ್ಮಟ ತಗ್ಗಿಸಿದ್ದನ್ನು ತರಿಸುವುದೇ ಮೇಲು.

ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಲೋಹ ತಾಗಿದ ಸದ್ದು

ಐಡಲಿಂಗ್‌ನಲ್ಲಿ ಎಲ್ಲ ಸರಿ, 6500 ದಾಟಿದ ಮೇಲೆ ಚಟಚಟ. ಪಿಸ್ಟನ್ ಹೆಡ್ಡನ್ನೋ ವಾಲ್ವನ್ನೋ ಮುಟ್ಟುತ್ತಿದೆ. ಆರ್‌ಪಿಎಂ ಏರಿದಂತೆ ರಾಡ್ ಹಿಗ್ಗುತ್ತದೆ, ಪಿಸ್ಟನ್ ವಾಲುತ್ತದೆ, ವಾಲ್ವ್ ಸ್ಪ್ರಿಂಗ್ ಸೋಲುತ್ತದೆ. 6000ದಿಂದ 7500ಕ್ಕೆ ಏರಿಸಿದರೆ ರಾಡ್ ಮೇಲಿನ ಎಳೆತ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ.

ಇಲ್ಲಿ ಹೊರಗಿನಿಂದ ಮಾಡುವುದು ಹೆಚ್ಚಿಲ್ಲ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದೆಯಾ ನೋಡಿ, ರೆವ್ ಲಿಮಿಟ್ ತಗ್ಗಿಸಿ. ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ ಬಿಟ್ಟು ಪಿಸ್ಟನ್ ತಲೆ ನೋಡಿ. ಎಲ್ಲ ಕಡೆ ಕಪ್ಪಾಗಿ, ಒಂದು ಅಂಚು ಮಾತ್ರ ಹೊಳೆಯುತ್ತಿದ್ದರೆ ಅಲ್ಲಿ ತಾಗುತ್ತಿದೆ. ಅರ್ಧಚಂದ್ರದ ಗುರುತಿದ್ದರೆ ವಾಲ್ವ್.

ಹೆಡ್ ತೆಗೆದ ಮೇಲೆ ಮಕ್ಕಳ ಮಾಡೆಲಿಂಗ್ ಕ್ಲೇ ಪಿಸ್ಟನ್ ಮೇಲೆ ಅಂಟಿಸಿ, ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಕೂರಿಸಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಕ್ಲೇ ಕತ್ತರಿಸಿ ದಪ್ಪ ಅಳೆಯಿರಿ. ಇನ್‌ಲೆಟ್ ವಾಲ್ವ್‌ಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಇರಲಿ. ಉಕ್ಕಿನ ರಾಡ್ ಇದ್ದರೆ ಪಿಸ್ಟನ್ ಅಂಚಿಗೂ ಹೆಡ್‌ಗೂ 0.9ರಿಂದ 1 ಮಿ.ಮೀ. ಹೆಡ್ ಸ್ಕಿಮ್ ಮಾಡಿದ್ದರೆ ಕ್ಯಾಮ್ ಟೈಮಿಂಗ್ ಕೂಡ ಸ್ವಲ್ಪ ಹಿಂದಕ್ಕೆ ಹೋಗಿರುತ್ತದೆ. ಕ್ರ್ಯಾಂಕ್‌ನ ಕೋನ ತೋರಿಸುವ ಡಿಗ್ರಿ ವ್ಹೀಲ್ ಹಾಕಿ ಮತ್ತೆ ಹೊಂದಿಸಬೇಕು. ಕಂಪನಿ ಎಂಜಿನ್‌ನಲ್ಲಿ ವಾಲ್ವ್ ತಾಗುತ್ತಿರಲಿಲ್ಲ ಅನ್ನುವ ಧೈರ್ಯ ಗುಮ್ಮಟದ ಪಿಸ್ಟನ್, ದೊಡ್ಡ ಕ್ಯಾಮ್ ಹಾಕಿದ ಮೇಲೆ ಕೆಲಸಕ್ಕೆ ಬರುವುದಿಲ್ಲ.

ಆಯಿಲ್ ಪ್ರೆಶರ್ ಇಳಿಯುತ್ತಿದೆ, ಕೆಳಗಿನಿಂದ ಗುದ್ದುವ ಸದ್ದು

ಗುದ್ದುವ ಸದ್ದಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಸದ್ದಿಲ್ಲದೆ ಪ್ರೆಶರ್ ಮಾತ್ರ ಕಮ್ಮಿ ಇದ್ದರೆ ಮೊದಲು ಆಯಿಲ್ ಮಟ್ಟ, ಗ್ರೇಡ್ ನೋಡಿ. ಸೆನ್ಸರ್ ತೆಗೆದು ಮೆಕ್ಯಾನಿಕಲ್ ಗೇಜ್ ಹಾಕಿ ನಿಜವಾದ ಪ್ರೆಶರ್ ಅಳೆಯಿರಿ. ಬಿಸಿ ಎಂಜಿನ್‌ಗೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಹಳೆಯ ಸ್ಥೂಲ ಲೆಕ್ಕ. ತಿರುವಿನಲ್ಲಿ ಮಾತ್ರ ಲೈಟ್ ಮಿಣುಕಿದರೆ ಸಂಪ್‌ನಲ್ಲಿ ಆಯಿಲ್ ಒಂದು ಬದಿಗೆ ಓಡುತ್ತಿದೆ, ಅದನ್ನು ತಡೆಯುವ ತಗಡು, ಬ್ಯಾಫಲ್, ಬೇಕು. ಎಸ್ಟೇಟ್ ದಾರಿಯ ಹೇರ್‌ಪಿನ್‌ಗಳಲ್ಲಿ ಬೇರಿಂಗ್ ಹೋಗಲು ಅಷ್ಟು ಸಾಕು.

ಆಯಿಲ್ ಫಿಲ್ಟರ್ ಕತ್ತರಿಸಿ, ಕಾಗದವನ್ನು ಬಿಡಿಸಿ ಬಿಸಿಲಿನಲ್ಲಿ ಹಿಡಿದು ನೋಡಿ. ಹೊಸ ಎಂಜಿನ್‌ನ ಮೊದಲ ಫಿಲ್ಟರ್‌ನಲ್ಲಿ ಕೊಂಚ ನುಣುಪು ಪುಡಿ ಇರುವುದು ಸಹಜ. ಕಣ್ಣಿಗೆ ಕಾಣುವ ಚಕ್ಕೆಗಳಿದ್ದರೆ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ರಿಂಗ್, ಕ್ರ್ಯಾಂಕ್, ಕ್ಯಾಮ್‌ನಂಥ ಕಬ್ಬಿಣ. ಅಂಟದೆ ಹೊಳೆದರೆ ಬೇರಿಂಗ್ ಅಥವಾ ಪಿಸ್ಟನ್. ಅಂಟದ ಚಕ್ಕೆ ಸಿಕ್ಕ ಮೇಲೆ ಇನ್ನೊಂದು ರೌಂಡ್ ಓಡಿಸಿ ನೋಡೋಣ ಅನ್ನಬೇಡಿ. ಆಗ ಬೇರಿಂಗ್‌ನಲ್ಲಿ ಮುಗಿಯಬೇಕಾದ ಖರ್ಚು ಕ್ರ್ಯಾಂಕ್‌ವರೆಗೆ ಹೋಗುತ್ತದೆ.

ಬೇರಿಂಗ್ ಕ್ಲಿಯರೆನ್ಸ್ ಜರ್ನಲ್‌ನ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್‌ನ ಭಾಗದ) ವ್ಯಾಸದ ಸಾವಿರದ ಒಂದು ಪಾಲಿನಷ್ಟು ಇರಬೇಕು: 40 ಮಿ.ಮೀ.ಗೆ 0.04. ಪ್ಲಾಸ್ಟಿಗೇಜ್ (ಚಪ್ಪಟೆಯಾಗಿ ಗ್ಯಾಪ್ ತೋರಿಸುವ ಮೆತ್ತನೆಯ ಪ್ಲಾಸ್ಟಿಕ್ ಎಳೆ) ಇಟ್ಟು ಬಿಗಿ ಮಾಡಿದಾಗ ಕ್ರ್ಯಾಂಕ್ ತಿರುಗಿಸಬಾರದು, ತಿರುಗಿಸಿದರೆ ಅಳತೆ ಅಳಿಸಿಹೋಗುತ್ತದೆ. ರಾಡ್ ಬೋಲ್ಟ್ ಬದಲಾಯಿಸಿದ್ದರೆ ರಾಡ್‌ನ ದೊಡ್ಡ ತೂತನ್ನು ಮತ್ತೆ ಹೋನ್ ಮಾಡಿಸಿದ್ದಾರಾ ಕೇಳಿ. ಹೊಸ ಬೋಲ್ಟ್‌ನ ಬಿಗಿ ಬೇರೆ, ತೂತು ದುಂಡಾಗಿ ಉಳಿಯುವುದಿಲ್ಲ. ಈ ಕೆಲಸ ಮನೆಯಲ್ಲಿ ಬೇಡ. ಅಳತೆಯ ಉಪಕರಣ ಇರುವ ಮಷಿನ್ ಶಾಪ್‌ಗೆ ಒಯ್ಯಿರಿ.

ನೀರು ಕಮ್ಮಿಯಾಗುತ್ತಿದೆ, ಎಂಜಿನ್ ನಡುಗುತ್ತಿದೆ

ನೀರು ಕಮ್ಮಿಯಾದರೆ ಮೊದಲು ಹೋಸ್, ಕ್ಲಿಪ್, ರೇಡಿಯೇಟರ್ ಕ್ಯಾಪ್ ನೋಡಿ. ಆಮೇಲೆ ಲೀಕ್‌ಡೌನ್. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಗ್ಯಾಸ್ಕೆಟ್. ಹೆಡ್ ಸ್ಟಡ್‌ಗಳ ಟಾರ್ಕ್, ಬ್ಲಾಕ್‌ನ ಮೇಲ್ಮೈ ಸಪಾಟಾಗಿದೆಯಾ ಎರಡನ್ನೂ ಪರೀಕ್ಷಿಸಿಯೇ ಹೊಸ ಗ್ಯಾಸ್ಕೆಟ್ ಹಾಕಿ.

ನಡುಕಕ್ಕೆ ಮೌಂಟಿಂಗ್, ಹಗುರ ಫ್ಲೈವ್ಹೀಲ್, ಮಿಸ್‌ಫೈರ್ ಇವೇ ಹೆಚ್ಚಿನ ಕಾರಣ. ಪಿಸ್ಟನ್ ಹಗುರವಾಯಿತು, ಅದಕ್ಕೇ ಬ್ಯಾಲೆನ್ಸ್ ತಪ್ಪಿತು ಅನ್ನುವ ಮಾತು ನಾಲ್ಕು ಸಿಲಿಂಡರ್ ಸಾಲಿನ ಎಂಜಿನ್‌ಗೆ ಹೊಂದುವುದಿಲ್ಲ. ಎರಡು ಪಿಸ್ಟನ್ ಮೇಲೇರುವಾಗ ಎರಡು ಇಳಿಯುತ್ತವೆ. ನಾಲ್ಕೂ ಸಮ ತೂಕ ಇದ್ದರಾಯಿತು. ಪಿನ್, ರಿಂಗ್ ಸೇರಿಸಿ ತೂಗಿ, ವ್ಯತ್ಯಾಸ 1 ಗ್ರಾಂ ಒಳಗಿರಲಿ.

ಬಿಚ್ಚಿದ ಮೇಲೆ ಹಳೇ ಪಿಸ್ಟನ್ ಓದಿ, ಆಮೇಲೆ ಹೊಸದು ಆರಿಸಿ

ತೊಳೆಯುವ ಮುಂಚೆ ನೋಡಬೇಕು, ಪ್ರತಿಯೊಂದರ ಫೋಟೊ ತೆಗೆಯಬೇಕು. ರಿಂಗ್‌ಗಳ ನಡುವಿನ ಅಂಚು ಮುರಿದಿದ್ದರೆ ನಾಕಿಂಗ್. ತಲೆಯ ನಡುವೆ ಕರಗಿ ತೂತಾಗಿದ್ದರೆ ಸ್ಪಾರ್ಕ್‌ಗಿಂತ ಮುಂಚೆಯೇ ಬೆಂಕಿ ಹತ್ತಿದೆ: ಬಿಸಿ ಪ್ಲಗ್ ಅಥವಾ ತೆಳು ಮಿಶ್ರಣ. ಸ್ಕರ್ಟ್‌ನ ನಾಲ್ಕು ಮೂಲೆಯಲ್ಲಿ ಉಜ್ಜಿದ ಗುರುತಿದ್ದರೆ ಗ್ಯಾಪ್ ಕಮ್ಮಿ ಅಥವಾ ಎಂಜಿನ್ ಹೀಟ್ ಆಗಿದೆ. ಸ್ಕರ್ಟ್‌ನಲ್ಲಿ ನೇರ ಸಣ್ಣ ಗೀರುಗಳಿದ್ದರೆ ಕೊಳೆ, ತೊಳೆಯದ ಬೋರ್ ಅಥವಾ ಏರ್ ಫಿಲ್ಟರ್ ಸೋರಿಕೆ. ರಿಂಗ್ ತುದಿಗಳು ಹೊಳೆಯುತ್ತಿದ್ದರೆ ಅವು ಒಂದಕ್ಕೊಂದು ತಾಗಿವೆ.

ಅಂಚು ಮುರಿದ 4032 ಪಿಸ್ಟನ್ ಬದಲು 2618 ತರಿಸಿದರೆ ಅದು ಹೊಡೆತ ಜಾಸ್ತಿ ತಡೆಯುತ್ತದೆ. ಆದರೆ ನಾಕಿಂಗ್‌ನ ಕಾರಣ ಹಾಗೇ ಇದ್ದರೆ ಅದೂ ಹೋಗುತ್ತದೆ, ಸ್ವಲ್ಪ ತಡವಾಗಿ. ದಿನವೂ ಆಫೀಸಿಗೆ ಹೋಗಿ, ಭಾನುವಾರ ಆಟೋಕ್ರಾಸ್ ಓಡಿಸುವ ಟರ್ಬೊ ಇಲ್ಲದ ಗಾಡಿಗೆ 4032 ಸಾಕು. ಸದ್ದಿಲ್ಲ, ಬಾಳಿಕೆಯೂ ಜಾಸ್ತಿ. ಟರ್ಬೊ ಇದ್ದರೆ, ಸ್ಪರ್ಧೆಯಲ್ಲಿ ಪೂರ್ತಿ ಥ್ರಾಟಲ್‌ನಲ್ಲೇ ಓಡುವುದಾದರೆ 2618 ಇರಲಿ, ಬೆಳಗಿನ ಟಕಟಕಕ್ಕೆ ಹೊಂದಿಕೊಳ್ಳಿ. ಬೋರ್ 75 ಮಿ.ಮೀ. ಮಾಡಿಸಿದರೆ ಎಂಜಿನ್ 1334 ಸಿಸಿ ಆಗುತ್ತದೆ. ಆರ್‌ಸಿಯಲ್ಲಿ ಇರುವುದು 1298. ರಸ್ತೆಗೆ ಇಳಿಸುವ ಗಾಡಿಯಾದರೆ ಈ ವಿಷಯ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಸ್ಪರ್ಧೆಯ ಗಾಡಿಯಾದರೆ ನಿಮ್ಮ ಕ್ಲಾಸ್‌ನ ಸಿಸಿ ಮಿತಿಯನ್ನೂ ನೋಡಿ.

ಪಿಸ್ಟನ್ ಕೈಗೆ ಬರುವ ತನಕ ಬ್ಲಾಕ್ ಬೋರ್ ಮಾಡಿಸಬೇಡಿ. ನಾಲ್ಕನ್ನೂ ಅಳೆದು, ಒಂದೊಂದಕ್ಕೆ ಸಿಲಿಂಡರ್ ನಂಬರ್ ಬರೆದು, ಪಿಸ್ಟನ್ ಜೊತೆಯಲ್ಲೇ ಬ್ಲಾಕ್ ಕಳಿಸಿ. ಅಲ್ಯೂಮಿನಿಯಂ ಬ್ಲಾಕ್ ಆದರೆ ಹೆಡ್ ಇರುವಂತೆ ಒತ್ತುವ ಟಾರ್ಕ್ ಪ್ಲೇಟ್ ಕೂರಿಸಿಯೇ ಹೋನ್ ಮಾಡಲು ಹೇಳಿ, ಯಾಕಂದ್ರೆ ಹೆಡ್ ಬಿಗಿದಾಗ ಬೋರ್ ಸ್ವಲ್ಪ ಸೊಟ್ಟಗಾಗುತ್ತದೆ. ಪ್ಲೇಟ್ ಇಲ್ಲದ ಅಂಗಡಿಯಾದರೆ ಬೇರೆ ಅಂಗಡಿ ಹುಡುಕಿ. ವಾಪಸ್ ಬಂದಾಗ ಪ್ರತಿ ಬೋರನ್ನೂ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆದು, ಬೋರ್ ಡಯಲ್ ತೋರಿಸಿದ್ದನ್ನು ಚೀಟಿಯಲ್ಲಿ ಬರೆಸಿಕೊಂಡೇ ದುಡ್ಡು ಕೊಡಿ.